ಮೊತ್ತಕ್ಕಿಂತ ಮೊದಲು ತಾರೀಖು: ಸಹಾಯಧನದಲ್ಲಿ ಒಬ್ಬರೇ ಮನೆ ನಡೆಸುವ ಲೆಕ್ಕ

ನನ್ನ ಮನೆಯಲ್ಲಿ ಮೂರು ಜನ. ನಾನು, 11 ವರ್ಷದ ಮಗಳು, 6 ವರ್ಷದ ಮಗ. ಮಗನಿಗೆ ಎಂಟು ತಿಂಗಳಾಗಿದ್ದಾಗ ಸಂಸಾರದ ಭಾರವೆಲ್ಲ ನನ್ನೊಬ್ಬಳ ಮೇಲೆ ಬಿತ್ತು. ಅಲ್ಲಿಂದ ಇಲ್ಲಿಯ ತನಕ ಮನೆ ನಡೆದಿರುವುದು ಎರಡು ಕಡೆಯ ದುಡ್ಡಿನಲ್ಲಿ. ಒಂದು, ತಿಂಗಳಿಗೊಮ್ಮೆ ಬರುವ ಸರ್ಕಾರದ ಸಹಾಯಧನ. ಇನ್ನೊಂದು, ಅರ್ಧ ದಿನದ ಕೆಲಸಕ್ಕೆ ಪ್ರತಿ ಶನಿವಾರ ಸಿಗುವ ಸಂಬಳ. ಎರಡರಲ್ಲಿ ದೊಡ್ಡದು ಸಹಾಯಧನವೇ.

ಮೊದಲ ಎರಡು ವರ್ಷವೂ ನಾನು ಲೆಕ್ಕ ಬರೆಯುತ್ತಿದ್ದೆ. ಕೂಡಿ ಕಳೆದರೆ ಸರಿಯಾಗೇ ಬರುತ್ತಿತ್ತು. ಆದರೂ ಪ್ರತಿ ತಿಂಗಳು ಯಾರ ಹತ್ತಿರವಾದರೂ ಕೈಸಾಲ ಕೇಳಬೇಕಾಗುತ್ತಿತ್ತು. ಯಾಕೆ ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು. ಬಾಡಿಗೆ ಕೊಡಬೇಕಾದದ್ದು 1ನೇ ತಾರೀಖು. ಸಹಾಯಧನ ಕೈಗೆ ಬರುತ್ತಿದ್ದದ್ದು 9ರ ಹೊತ್ತಿಗೆ. ಆ ಎಂಟು ದಿನ ದಾಟಲು ಸಾಲ. ಸಹಾಯಧನ ಬಂದ ಕೂಡಲೇ ಸಾಲ ತೀರಿಸುತ್ತಿದ್ದೆ. ತೀರಿಸಿದ ಮೇಲೆ ಮುಂದಿನ ಬಾಡಿಗೆಗೆ ಎತ್ತಿಡಲು ಏನೂ ಉಳಿಯುತ್ತಿರಲಿಲ್ಲ. ಮತ್ತೆ 1ನೇ ತಾರೀಖು, ಮತ್ತೆ ಕೈಸಾಲ. ನನ್ನ ಲೆಕ್ಕದಲ್ಲಿ ಮೊತ್ತ ಸರಿ ಇತ್ತು, ತಾರೀಖು ತಪ್ಪಿತ್ತು.

ಅದಕ್ಕೇ ಹೇಳುತ್ತೇನೆ, ಪುಸ್ತಕಕ್ಕಿಂತ ಮೊದಲು ಕ್ಯಾಲೆಂಡರ್ ತೆಗೆದುಕೊಳ್ಳಿ.

ಹಸಿರು ಪೆನ್ನು, ಕೆಂಪು ಪೆನ್ನು

ಗೋಡೆಗೆ ಹಾಕುವ, ದಿನಕ್ಕೊಂದು ಚೌಕ ಇರುವ ಕ್ಯಾಲೆಂಡರ್ ಸಾಕು. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಇಟ್ಟುಕೊಳ್ಳಿ. ದುಡ್ಡು ಬರುವ ದಿನಗಳನ್ನು ಹಸಿರಿನಲ್ಲಿ ಬರೆಯಿರಿ, ಹೋಗುವ ದಿನಗಳನ್ನು ಕೆಂಪಿನಲ್ಲಿ.

ಇಲ್ಲಿ ಒಂದು ಮಾತು. ಸಹಾಯಧನ ಬರಬೇಕಾದ ದಿನವನ್ನು ಬರೆಯಬೇಡಿ, ನಿಜವಾಗಿ ಬಂದ ದಿನವನ್ನು ಬರೆಯಿರಿ. ನನಗೆ ಬರಬೇಕಾದದ್ದು 5ಕ್ಕೆ. ಸ್ಟೇಟ್‌ಮೆಂಟ್ ನೋಡಿದರೆ ಒಂದು ತಿಂಗಳು 5, ಇನ್ನೊಂದು ತಿಂಗಳು 9, ಮತ್ತೊಂದು ತಿಂಗಳು 7. ನಾನು ಹಸಿರಿನಲ್ಲಿ ಬರೆದದ್ದು 9. ಮೂರರಲ್ಲಿ ಯಾವುದು ಎಲ್ಲಕ್ಕಿಂತ ತಡವೋ ಅದೇ ನಿಮ್ಮ ತಾರೀಖು. ಬೇಗ ಬಂದರೆ ಒಳ್ಳೆಯದೇ, ಆದರೆ ಅದನ್ನು ನೆಚ್ಚಿಕೊಂಡು ಯಾರಿಗೂ ಮಾತು ಕೊಡಬೇಡಿ.

ಬರೆದು ಮುಗಿಸಿದ ಮೇಲೆ ಸ್ವಲ್ಪ ದೂರ ನಿಂತು ನೋಡಿ. ಹಸಿರಿಗಿಂತ ಮುಂಚೆ ಕೆಂಪು ಎಲ್ಲೆಲ್ಲಿ ಗುಂಪಾಗಿದೆಯೋ ಅಲ್ಲೇ ನಿಮ್ಮ ಕೈಸಾಲ ಹುಟ್ಟುವುದು. ಈಗ ಆ ಕೆಂಪು ತಾರೀಖುಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳಬೇಕು. ನಾನು ಮೊದಲು ಹೋದದ್ದು ಮನೆ ಮಾಲೀಕರ ಹತ್ತಿರ. ಸ್ಟೇಟ್‌ಮೆಂಟ್ ತೋರಿಸಿ, "ಸಾರ್, ನನಗೆ ದುಡ್ಡು ಬರುವುದೇ 9ಕ್ಕೆ. ಇನ್ನು ಮೇಲೆ 12ಕ್ಕೆ ಕೊಡುತ್ತೇನೆ, ಒಂದು ದಿನವೂ ತಪ್ಪಿಸುವುದಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಪ್ರತಿ ತಿಂಗಳು ತಡವಾಗಿ ಕೊಟ್ಟು ಕ್ಷಮೆ ಕೇಳುವುದಕ್ಕಿಂತ, ತಾರೀಖನ್ನೇ ಒಂದು ಸಲ ಬದಲಾಯಿಸಿಕೊಳ್ಳುವುದು ಇಬ್ಬರಿಗೂ ಸುಲಭ. ಫೋನ್, ವಿದ್ಯುತ್, ಸಾಲದ ಕಂತು ಇವುಗಳಲ್ಲೂ ಕೇಳಿದರೆ ಎಷ್ಟೋ ಕಡೆ ದಿನ ಬದಲಾಯಿಸಿಕೊಡುತ್ತಾರೆ. ಕೇಳದೆ ಯಾರೂ ಕೊಡುವುದಿಲ್ಲ ಅಷ್ಟೇ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತುಗಳಿದ್ದರೆ ಅವನ್ನೇ ಮೊದಲು ಸರಿಪಡಿಸಿ. ಖಾತೆಯಲ್ಲಿ ದುಡ್ಡಿಲ್ಲದೆ ಒಂದು ಕಂತು ವಾಪಸ್ ಹೋದರೆ ಬ್ಯಾಂಕಿನ ದಂಡ ಬೇರೆ, ಕಂತಿನವರ ದಂಡ ಬೇರೆ.

ವಾರದ ದುಡ್ಡು ವಾರಕ್ಕೆ, ತಿಂಗಳ ದುಡ್ಡು ತಿಂಗಳಿಗೆ

ಇದು ನನಗೆ ತುಂಬಾ ಅನುಕೂಲ ಮಾಡಿಕೊಟ್ಟ ಕ್ರಮ. ಶನಿವಾರದ ಸಂಬಳ ವಾರದ ಖರ್ಚಿಗೆ: ದಿನಸಿ, ಓಡಾಟ, ಮಕ್ಕಳ ಪೆನ್ನು ಪೆನ್ಸಿಲ್. ಸಹಾಯಧನ ತಿಂಗಳ ಖರ್ಚಿಗೆ: ಬಾಡಿಗೆ, ವಿದ್ಯುತ್, ನೀರು, ಫೋನ್, ಸಾಲದ ಕಂತು. ಎರಡನ್ನೂ ಒಂದೇ ಪರ್ಸಿಗೆ ಹಾಕುವುದಿಲ್ಲ. ಹಾಕಿದರೆ ದಿನಸಿ ಅಂಗಡಿಯಲ್ಲಿ ಬಾಡಿಗೆ ದುಡ್ಡು ಕರಗಿಹೋಗುತ್ತದೆ, ಅದು ಗೊತ್ತೂ ಆಗುವುದಿಲ್ಲ.

ವಾರದ ಸಂಬಳವನ್ನು ತಿಂಗಳ ಲೆಕ್ಕಕ್ಕೆ ತರುವಾಗ ನಾಲ್ಕರಿಂದ ಗುಣಿಸುವವರೇ ಜಾಸ್ತಿ. ನಾನೂ ಹಾಗೇ ಮಾಡುತ್ತೇನೆ, ಬೇಕೆಂದೇ. ವರ್ಷಕ್ಕೆ 52 ವಾರ. ತಿಂಗಳಿಗೆ ನಾಲ್ಕರಂತೆ 48 ವಾರ ಲೆಕ್ಕಕ್ಕೆ ಬಂದವು. ಉಳಿದ 4 ಶನಿವಾರದ ಸಂಬಳ ದಿನಖರ್ಚಿಗೆ ಸೇರುವುದೇ ಇಲ್ಲ. ಐದು ಶನಿವಾರ ಇರುವ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಸುತ್ತು ಹಾಕಿ ಇಟ್ಟಿದ್ದೇನೆ. ಆ ಐದನೆಯದು ಏನಾಗುತ್ತದೆ ಎಂದು ಮುಂದೆ ಹೇಳುತ್ತೇನೆ. ನಿಮಗೆ 4 ವಾರಕ್ಕೊಮ್ಮೆ ದುಡ್ಡು ಬರುವುದಾದರೆ ಅದು ವರ್ಷಕ್ಕೆ 12 ಸಲ ಅಲ್ಲ, 13 ಸಲ. ಒಂದು ತಿಂಗಳಲ್ಲಿ ಎರಡು ಸಲ ಬರುತ್ತದೆ. ಆ ತಿಂಗಳು ಯಾವುದು ಎಂದು ಮೊದಲೇ ಗೊತ್ತಿರಲಿ.

ತಿಂಗಳಿಗೊಮ್ಮೆ ಮಾತ್ರ ದುಡ್ಡು ನೋಡುವವರು ಇದರ ಉಲ್ಟಾ ಮಾಡಬೇಕು. ತಿಂಗಳೆಂದರೆ ಸರಿಯಾಗಿ ನಾಲ್ಕು ವಾರ ಅಲ್ಲ, ಎರಡು ಮೂರು ದಿನ ಮೇಲೆ. ದಿನಸಿ ದುಡ್ಡನ್ನು ನಾಲ್ಕು ಪಾಲು ಮಾಡಿದರೆ ಕೊನೆಯ ಎರಡು ಮೂರು ದಿನ ಖಾಲಿ ಕೈ. ಅದನ್ನು 31ರಿಂದ ಭಾಗಿಸಿ, 7ರಿಂದ ಗುಣಿಸಿ. ಬಂದದ್ದೇ ವಾರದ ಪಾಲು.

ದುಡ್ಡು ಬಂದ ದಿನವೇ ಎಲ್ಲ ತೀರ್ಮಾನ

2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಶಕ್ತಿಯ ಪರೀಕ್ಷೆ ಕೊಟ್ಟಿದ್ದರು. ಅದೇ ಜನ, ಅದೇ ಬಗೆಯ ಪರೀಕ್ಷೆ. ಕೈಯಲ್ಲಿ ದುಡ್ಡಿಲ್ಲದಾಗ ಅಂಕ ಕಡಿಮೆ, ದುಡ್ಡು ಬಂದ ಮೇಲೆ ಜಾಸ್ತಿ. ಇದನ್ನು ಓದಿದಾಗ ನನಗೆ ಅಳು ಬಂತು. ಎಷ್ಟು ಸಲ ನನ್ನನ್ನು ನಾನೇ ದಡ್ಡಿ ಎಂದು ಬೈದುಕೊಂಡಿದ್ದೆ! ಖಾಲಿ ಪರ್ಸ್ ಹಿಡಿದು ನಿಂತಾಗ ತಲೆ ಓಡುವುದಿಲ್ಲ. ತಲೆ ಆಗಲೇ ಬೇರೆ ಲೆಕ್ಕದಲ್ಲಿ ಮುಳುಗಿರುತ್ತದೆ.

ಹಾಗಾಗಿ ಖರ್ಚಿನ ತೀರ್ಮಾನಗಳನ್ನು ನಾನು 25ನೇ ತಾರೀಖಿಗೆ ಬಿಡುವುದಿಲ್ಲ. ದುಡ್ಡು ಬಂದ ದಿನ ರಾತ್ರಿ ಮಾಡಿ ಮುಗಿಸುತ್ತೇನೆ. ಮಕ್ಕಳ ಊಟ ಆದ ಮೇಲೆ ಅದೇ ಮೇಜು ಒರೆಸಿ, ನಾಲ್ಕು ಕಾಗದದ ಕವರುಗಳನ್ನು ಸಾಲಾಗಿ ಇಡುತ್ತೇನೆ. ಮೊದಲನೆಯದರ ಮೇಲೆ "ಸೂರು" ಎಂದು ಮಗಳು ಬರೆದಿದ್ದಾಳೆ. ಬಾಡಿಗೆ, ವಿದ್ಯುತ್, ನೀರು ಎಲ್ಲ ಅದರಲ್ಲಿ. ಎರಡನೆಯದು "ಕಂತು". ಮೂರನೆಯದು "ಔಷಧಿ". ನಾಲ್ಕನೆಯದು "ಮುಂದಿನದು". ನೋಟುಗಳನ್ನು ನಾನು ಎಣಿಸಿ ಇಡುತ್ತೇನೆ, ಚಿಲ್ಲರೆಯನ್ನು ಮಗ ಹಾಕುತ್ತಾನೆ. ಪ್ರತಿ ಕವರಿನ ಹಿಂದೆ ಪೆನ್ಸಿಲ್‌ನಲ್ಲಿ ಮೊತ್ತ ಮತ್ತು ಕೊಡಬೇಕಾದ ತಾರೀಖು. ಬಾಡಿಗೆ ಕೊಟ್ಟ ದಿನ ಅಳಿಸುತ್ತೇನೆ. "ಸೂರು" ಕವರಿನ ಹಿಂಭಾಗ ಅಳಿಸಿ ಅಳಿಸಿ ಬಟ್ಟೆಯಂತೆ ಮೆತ್ತಗಾಗಿದೆ.

ನೋಟು ಬೇಡ, ಎಲ್ಲ ಫೋನಿನಲ್ಲೇ ಅನ್ನುವವರು ಎರಡು ಖಾತೆ ಇಟ್ಟುಕೊಳ್ಳಿ. ಸಹಾಯಧನ ಬೀಳುವ ಖಾತೆಯನ್ನು ಅಂಗಡಿಯಲ್ಲಿ ದುಡ್ಡು ಕೊಡುವ ಆ್ಯಪ್‌ಗೆ ಜೋಡಿಸಬೇಡಿ. ದಿನಖರ್ಚಿನ ಖಾತೆಗೆ ವಾರಕ್ಕೊಮ್ಮೆ ಮಾತ್ರ ಹಾಕಿಕೊಳ್ಳಿ.

ವರ್ಷಕ್ಕೊಮ್ಮೆ ಬರುವ ಖರ್ಚು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಮಕ್ಕಳ ಕಾಲು ಬೆಳೆಯುತ್ತಲೇ ಇರುತ್ತದಲ್ಲ? ನನ್ನ ಮಗನಿಗೆ ವರ್ಷಕ್ಕೆ ಎರಡು ಜೊತೆ ಶೂ ಬೇಕೇ ಬೇಕು. ಆದರೂ ಪ್ರತಿ ಸಲ ಶೂ ಬಿಗಿಯಾದಾಗ ಅಯ್ಯೋ ಅನ್ನುತ್ತಿದ್ದೆ, ಇದು ಎಲ್ಲಿಂದಲೋ ಬಂದು ಬಿದ್ದ ಖರ್ಚು ಎಂಬಂತೆ.

ಒಂದು ಹಾಳೆಯಲ್ಲಿ 12 ತಿಂಗಳ ಹೆಸರು ಬರೆಯಿರಿ. ಶಾಲೆ ಶುರುವಾಗುವಾಗ ಪುಸ್ತಕ, ಬ್ಯಾಗು, ಸಮವಸ್ತ್ರ. ಮಳೆ ಅಥವಾ ಚಳಿ ಬರುವ ಮೊದಲು ಬೇಕಾಗುವ ಬಟ್ಟೆ. ಹುಟ್ಟುಹಬ್ಬಗಳು, ಅದರಲ್ಲಿ ಸ್ನೇಹಿತರ ಹುಟ್ಟುಹಬ್ಬವೂ ಬರಲಿ, ಯಾಕೆಂದರೆ ಮಗು ಬರಿಗೈಯಲ್ಲಿ ಹೋಗಲು ಸಂಕೋಚಪಡುತ್ತದೆ. ವಿಮೆಯ ಕಂತು. ಕನ್ನಡಕ. ನೆಂಟರ ಮನೆಯ ಸಮಾರಂಭ. ಎಲ್ಲವನ್ನೂ ಕೂಡಿ 12ರಿಂದ ಭಾಗಿಸಿ. ಆ ಮೊತ್ತ ಪ್ರತಿ ತಿಂಗಳು "ಮುಂದಿನದು" ಕವರಿಗೆ ಹೋಗಬೇಕು.

ಮೊದಲ ಸಲ ನನಗೆ ಬಂದ ಮೊತ್ತ ನೋಡಿ ಎದೆ ಝಲ್ಲೆಂದಿತ್ತು. ಅಷ್ಟು ಎತ್ತಿಡುವುದು ಸಾಧ್ಯವೇ ಇರಲಿಲ್ಲ. ಮೂರನೇ ಒಂದು ಪಾಲಿನಿಂದ ಶುರು ಮಾಡಿದೆ. ಐದನೇ ಶನಿವಾರಗಳ ಸಂಬಳ ಇದಕ್ಕೇ ಹೋಯಿತು. ಎರಡನೇ ವರ್ಷ ಶಾಲೆ ಶುರುವಾದಾಗ ಸಾಲ ಮಾಡಲಿಲ್ಲ. ಬ್ಯಾಗಿನ ಜಿಪ್ ಹೊಲಿಸಿ ಹಳೆಯದನ್ನೇ ಕಳಿಸಿದೆ ಅನ್ನುವುದು ನಿಜ, ಆದರೆ ಪುಸ್ತಕ ಎಲ್ಲ ಹೊಸದು.

ಸರ್ಕಾರದ ದುಡ್ಡಿಗೂ ಕಾವಲು ಬೇಕು

ಮೂರು ವರ್ಷದ ಹಿಂದೆ ನನ್ನ ಸಹಾಯಧನ ಒಂದು ತಿಂಗಳು ಬರಲಿಲ್ಲ. 9 ಆಯಿತು, 12 ಆಯಿತು. ತಡವಾಗಿದೆ ಅಂದುಕೊಂಡು ಸುಮ್ನೆ ಕೂತೆ. ಮುಂದಿನ ತಿಂಗಳೂ ಬರದಿದ್ದಾಗ ಕಚೇರಿಗೆ ಹೋದೆ. ವರ್ಷದ ಪರಿಶೀಲನೆಗೆ ಕಾಗದಪತ್ರ ಕೊಡಿ ಎಂದು ಪತ್ರ ಕಳಿಸಿದ್ದರಂತೆ, ಅದು ಹಳೆಯ ವಿಳಾಸಕ್ಕೆ ಹೋಗಿತ್ತು. ವಿಳಾಸ ಬದಲಾದದ್ದನ್ನು ನಾನು ಬ್ಯಾಂಕಿಗೆ ತಿಳಿಸಿದ್ದೆ, ಶಾಲೆಗೆ ತಿಳಿಸಿದ್ದೆ, ಆ ಕಚೇರಿಗೆ ಮಾತ್ರ ತಿಳಿಸಿರಲಿಲ್ಲ. ಮತ್ತೆ ಶುರುವಾಗಲು ಇನ್ನೊಂದು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಮಾಡಿದ ಸಾಲ ತೀರಿಸಲು ಒಂದು ವರ್ಷ ಬೇಕಾಯಿತು.

ಅವತ್ತಿನಿಂದ ಇದಕ್ಕೆಂದೇ ಒಂದು ಫೈಲು ಇಟ್ಟಿದ್ದೇನೆ. ಬಂದ ಪ್ರತಿ ಪತ್ರ, ಕೊಟ್ಟ ಪ್ರತಿ ಅರ್ಜಿಯ ಜೆರಾಕ್ಸ್, ಸ್ವೀಕೃತಿ ಚೀಟಿ ಎಲ್ಲ ತಾರೀಖಿನ ಕ್ರಮದಲ್ಲಿ. ಫೋನಿನಲ್ಲಿ ಮಾತಾಡಿದರೆ ಯಾರ ಹತ್ತಿರ, ಯಾವತ್ತು, ಏನಂದರು ಎಂದು ಒಂದು ಸಾಲು ಬರೆದುಕೊಳ್ಳುತ್ತೇನೆ. ಅರ್ಜಿ ಸಂಖ್ಯೆ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಇದೆ. ಪರಿಶೀಲನೆಯ ದಿನ ಕ್ಯಾಲೆಂಡರಿನಲ್ಲಿ ಒಂದಲ್ಲ, ಎರಡು ಕಡೆ: ಆ ದಿನ, ಮತ್ತು ಅದಕ್ಕೆ 30 ದಿನ ಮೊದಲು. ಮಕ್ಕಳ ವಯಸ್ಸಿನ ಮೇಲೆ ನಿಂತಿರುವ ಸಹಾಯಗಳು ಒಂದು ವಯಸ್ಸಿಗೆ ನಿಂತುಹೋಗುತ್ತವೆ. ನಿಮ್ಮ ಮಗುವಿನದು ಯಾವ ಹುಟ್ಟುಹಬ್ಬಕ್ಕೆ ನಿಲ್ಲುತ್ತದೆ ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಆದಾಯ ಬದಲಾದರೆ, ಮನೆಯಲ್ಲಿರುವವರ ಸಂಖ್ಯೆ ಬದಲಾದರೆ, ತಡಮಾಡದೆ ತಿಳಿಸಿ. ಮುಚ್ಚಿಟ್ಟರೆ ಆಗ ಲಾಭ ಕಾಣಬಹುದು. ಹೆಚ್ಚಾಗಿ ಬಂದದ್ದನ್ನು ಮುಂದೆ ವಾಪಸ್ ಕೇಳುತ್ತಾರೆ, ಅಷ್ಟರಲ್ಲಿ ಅದು ಖರ್ಚಾಗಿರುತ್ತದೆ. ಇನ್ನು ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲ್ಮನವಿಗೆ ಸಾಮಾನ್ಯವಾಗಿ ಗಡುವು ಇರುತ್ತದೆ, ಅದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರಬಹುದು. ಅದನ್ನೂ ಕೆಂಪು ಪೆನ್ನಿನಲ್ಲಿ ಬರೆಯಿರಿ.

ಸಂಕೋಚದ ಬಗ್ಗೆಯೂ ಒಂದು ಮಾತು. ಕಚೇರಿಯ ಸಾಲಿನಲ್ಲಿ ನಿಂತಾಗ ನಾನು ತಲೆ ತಗ್ಗಿಸುತ್ತಿದ್ದೆ. ಬ್ರಿಟನ್ನಿನಲ್ಲಿ ಎಲಿನರ್ ರಾಥ್‌ಬೋನ್ ಎಂಬ ಸಂಸದೆ ಇದ್ದರು. ಮಕ್ಕಳನ್ನು ಸಾಕುವ ಕೆಲಸಕ್ಕೆ ಸರ್ಕಾರ ದುಡ್ಡು ಕೊಡಬೇಕು ಎಂದು ದಶಕಗಳ ಕಾಲ ಹೋರಾಡಿದರು. 1945ರಲ್ಲಿ ಕಾನೂನು ಬರುವಾಗ ದುಡ್ಡು ತಂದೆಯ ಹೆಸರಿಗೆ ಹೋಗುವಂತಿತ್ತು. ಅದು ತಾಯಿಯ ಕೈಗೇ ಸೇರಬೇಕು ಎಂದು ಹಟ ಹಿಡಿದು ಬದಲಾಯಿಸಿದರು. 1946ರ ಆಗಸ್ಟ್‌ನಲ್ಲಿ ಮೊದಲ ಹಣ ತಾಯಂದಿರ ಕೈ ಸೇರಿತು. ಅದನ್ನು ನೋಡಲು ಅವರು ಇರಲಿಲ್ಲ, ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. ನನ್ನ ಖಾತೆಗೆ ಬೀಳುವ ದುಡ್ಡು ಭಿಕ್ಷೆ ಅಲ್ಲ, ಇದಕ್ಕಾಗಿ ಯಾರೋ ತಮ್ಮ ಆಯುಷ್ಯ ಕೊಟ್ಟಿದ್ದಾರೆ ಎಂದು ಈಗ ಸಾಲಿನಲ್ಲಿ ನೇರ ನಿಲ್ಲುತ್ತೇನೆ. ನೀವೂ ನಿಲ್ಲಿ.

ಜಾಸ್ತಿ ಕೆಲಸ ಸಿಕ್ಕರೆ

ಹಿಂದಿನ ವರ್ಷ ನನಗೆ ದಿನಕ್ಕೆ ಎರಡು ಗಂಟೆ ಜಾಸ್ತಿ ಕೆಲಸ ಸಿಗುವ ಅವಕಾಶ ಬಂತು. ಒಪ್ಪುವ ಮೊದಲು ಒಂದು ಹಾಳೆಯಲ್ಲಿ ಬರೆದೆ. ಸಂಬಳ ಇಷ್ಟು ಹೆಚ್ಚುತ್ತದೆ. ಆದಾಯ ಹೆಚ್ಚಿದ್ದಕ್ಕೆ ಸಹಾಯಧನ ಇಷ್ಟು ಕಡಿಮೆಯಾಗುತ್ತದೆ. ಮಗನನ್ನು ಆ ಎರಡು ಗಂಟೆ ನೋಡಿಕೊಳ್ಳುವವರಿಗೆ ಇಷ್ಟು. ಓಡಾಟಕ್ಕೆ ಇಷ್ಟು. ಕಳೆದು ನೋಡಿದರೆ ಕೈಗೆ ಸಿಗುತ್ತಿದ್ದದ್ದು ಹೆಚ್ಚಿದ ಸಂಬಳದ ಐದನೇ ಒಂದು ಭಾಗ. ಆಗ ಬೇಡ ಅಂದೆ. ಮಗ ಶಾಲೆಯಲ್ಲಿ ಪೂರ್ತಿ ದಿನ ಇರಲು ಶುರು ಮಾಡಿದ ಮೇಲೆ ಅದೇ ಕೆಲಸ ಒಪ್ಪಿಕೊಂಡೆ, ನೋಡಿಕೊಳ್ಳುವವರ ಖರ್ಚು ಉಳಿಯಿತು. ಸಹಾಯಧನ ಕಡಿಮೆಯಾದೀತು ಎಂಬ ಹೆದರಿಕೆಯಿಂದ ಕೆಲಸವೇ ಬೇಡ ಅನ್ನಬೇಡಿ. ಹಾಗೆಯೇ ಸಂಬಳದ ಅಂಕಿ ಒಂದನ್ನೇ ನೋಡಿ ಹೂಂ ಅನ್ನಲೂ ಬೇಡಿ. ಎಷ್ಟು ಆದಾಯ ದಾಟಿದರೆ ಏನು ನಿಲ್ಲುತ್ತದೆ ಎಂದು ಕಚೇರಿಯಲ್ಲೇ ಕೇಳಿ.

ಸಾಲ

ಯಾರು ಜೋರಾಗಿ ಕೇಳುತ್ತಾರೋ ಅವರಿಗೆ ಮೊದಲು ಕೊಡುವುದು ನಮ್ಮೆಲ್ಲರ ಅಭ್ಯಾಸ. ಅದು ತಪ್ಪು. ಕೊಡದಿದ್ದರೆ ಯಾವುದು ಕೈ ಬಿಟ್ಟು ಹೋಗುತ್ತದೆ ಎಂದು ನೋಡಬೇಕು. ಬಾಡಿಗೆ ನಿಂತರೆ ಮನೆ ಹೋಗುತ್ತದೆ, ಬಿಲ್ಲು ನಿಂತರೆ ದೀಪ ಹೋಗುತ್ತದೆ. ಮೊದಲು ಅವು. ಆಮೇಲೆ ಬಡ್ಡಿ ಎಲ್ಲಿ ಜಾಸ್ತಿಯೋ ಅದು.

ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವವರ ಹತ್ತಿರ ಎಚ್ಚರ. ತಿಂಗಳಿಗೆ ನೂರಕ್ಕೆ 10 ಅಂದರೆ ಸಣ್ಣದಾಗಿ ಕೇಳಿಸುತ್ತದೆ. ಏನೂ ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರಿದರೆ, 100 ಇದ್ದದ್ದು ಒಂದೇ ವರ್ಷದಲ್ಲಿ 300 ದಾಟುತ್ತದೆ. ಕಂತಿನ ಸಾಲದಲ್ಲಿ ಇನ್ನೊಂದು ಮೋಸ ಇದೆ. ವರ್ಷಕ್ಕೆ ನೂರಕ್ಕೆ 12 ಅನ್ನುತ್ತಾರೆ, ಆದರೆ ಬಡ್ಡಿಯನ್ನು ಕೊನೆಯ ತನಕ ಪೂರ್ತಿ ಸಾಲದ ಮೇಲೇ ಹಾಕುತ್ತಾರೆ. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದಿರುತ್ತೀರಿ, ಅಲ್ವಾ? ನಿಜವಾದ ಬಡ್ಡಿ ನೂರಕ್ಕೆ 20 ದಾಟಿರುತ್ತದೆ. "ಉಳಿದ ಸಾಲದ ಮೇಲೆ ಬಡ್ಡಿಯೋ, ಪೂರ್ತಿ ಸಾಲದ ಮೇಲೋ?" ಎಂದು ಒಂದೇ ಪ್ರಶ್ನೆ ಕೇಳಿ.

ಕಟ್ಟಲು ಆಗದ ತಿಂಗಳು ಬಂದೇ ಬರುತ್ತದೆ. ತಾರೀಖಿಗೆ ಮೊದಲೇ ಫೋನ್ ಮಾಡಿ ಹೇಳಿ. ತಾರೀಖು ದಾಟಿದ ಮೇಲೆ ಅವರು ಫೋನ್ ಮಾಡಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಉಳಿತಾಯದ ಸಣ್ಣಪುಟ್ಟ ಸಲಹೆಗಳನ್ನು ಎಲ್ಲರೂ ಕೊಡುತ್ತಾರೆ, ನಾನು ಒಂದನ್ನೇ ಹೇಳುತ್ತೇನೆ. ವಿದ್ಯುತ್ತಿನಲ್ಲಿ ದುಡ್ಡು ತಿನ್ನುವುದು ಬಿಸಿ ಮಾಡುವ ಸಾಮಾನುಗಳು. 2000 ವ್ಯಾಟ್‌ನ ಹೀಟರ್ ಅರ್ಧ ಗಂಟೆ ಉರಿದರೆ 1 ಯೂನಿಟ್. 9 ವ್ಯಾಟ್‌ನ ಎಲ್‌ಇಡಿ ಬಲ್ಬು 1 ಯೂನಿಟ್ ಮುಗಿಸಲು 111 ಗಂಟೆ ಬೇಕು. ಓದುವ ಮಗುವಿಗೆ ದೀಪ ಆರಿಸು ಅನ್ನಬೇಡಿ, ಹೀಟರ್ ಹತ್ತು ನಿಮಿಷ ಮೊದಲು ಆರಿಸಿ.

ಮಕ್ಕಳಿಗೆ ಎಷ್ಟು ಹೇಳಬೇಕು

ಹೋದ ವರ್ಷ ಮಗಳ ಬ್ಯಾಗು ಒಗೆಯಲು ತೆಗೆದಾಗ ತಳದಲ್ಲಿ ಒಂದು ಕಾಗದ ಸಿಕ್ಕಿತು. ಎಂಟು ಮಡಿಕೆ ಮಡಚಿ ಸಣ್ಣದಾಗಿ ಮಾಡಿದ್ದಳು. ಬಿಡಿಸಿದರೆ ಶಾಲೆಯ ಪ್ರವಾಸದ ಪತ್ರ. ಪೋಷಕರ ಸಹಿ ಹಾಕುವ ಜಾಗ ಖಾಲಿ. ದುಡ್ಡು ಕಟ್ಟುವ ಕೊನೆಯ ದಿನ ಆಗಲೇ ದಾಟಿತ್ತು. ಕೇಳಿದರೆ, "ನೀನು ಆವತ್ತು ಕವರ್ ಎಣಿಸ್ತಾ ಇದ್ದೆ ಅಮ್ಮ. ನಂಗೆ ಹೋಗೋಕೆ ಅಷ್ಟೇನೂ ಇಷ್ಟ ಇರಲಿಲ್ಲ" ಅಂದಳು. ಇಷ್ಟ ಇತ್ತು. ಅವಳ ಮುಖ ನನಗೆ ಗೊತ್ತಿಲ್ಲವಾ?

ನಾನು ಲೆಕ್ಕ ಮಾಡುವುದನ್ನು ಅವಳು ನೋಡುತ್ತಿದ್ದಳು, ಆದರೆ ಲೆಕ್ಕ ಏನು ಎಂದು ನಾನು ಹೇಳಿರಲಿಲ್ಲ. ಹಾಗಾಗಿ ಏನೂ ಇಲ್ಲ ಎಂದೇ ಅವಳು ಅಂದುಕೊಂಡಳು. ಅವತ್ತು ರಾತ್ರಿ ಕವರುಗಳನ್ನು ಅವಳ ಮುಂದೆ ಬಿಚ್ಚಿದೆ. ಇದು ಸೂರು, ಇದನ್ನು ಮುಟ್ಟುವಂತಿಲ್ಲ. ಇದು ಮುಂದಿನದು, ಇದು ಇರುವುದೇ ನಿನ್ನ ಶಾಲೆಗೆ, ತಮ್ಮನ ಶೂಗೆ. ಸಾಲದ ವಿಷಯ ಹೇಳಲಿಲ್ಲ. ಅದು ದೊಡ್ಡವರ ಹೊರೆ, ಮಗುವಿನ ಹೆಗಲಿಗೆ ಬೇಡ. ಆದರೆ ಕೇಳುವುದು ತಪ್ಪಲ್ಲ ಎಂದು ಹೇಳಿದೆ. ಕೆಲವು ಸಲ ಆಗುವುದಿಲ್ಲ ಅನ್ನುತ್ತೇನೆ, ಆಗ ಯಾವಾಗ ಆಗುತ್ತದೆ ಎಂದೂ ಹೇಳುತ್ತೇನೆ ಎಂದೆ. ಎಷ್ಟೋ ಶಾಲೆಗಳಲ್ಲಿ ಕೇಳಿಕೊಂಡರೆ ಪ್ರವಾಸದ ದುಡ್ಡನ್ನು ಎರಡು ಕಂತಿನಲ್ಲಿ ಕಟ್ಟಲು ಬಿಡುತ್ತಾರೆ ಎಂಬುದೂ ನನಗೆ ಆಮೇಲೆ ಗೊತ್ತಾಯಿತು. ಪತ್ರ ಬಂದ ದಿನವೇ ಹೋಗಿ ಕೇಳಬೇಕು.

ಈಗ ಕೆಂಪು ಪೆನ್ನು ಮಗಳ ಹತ್ತಿರವೂ ಒಂದಿದೆ. ಶಾಲೆಯ ಖರ್ಚನ್ನು ಅವಳೇ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಮುಂದಿನ ತಿಂಗಳ 18ರ ಚೌಕದಲ್ಲಿ "ಪ್ರವಾಸ" ಎಂದಿದೆ. 11ರಲ್ಲಿ "ದುಡ್ಡು ಕಟ್ಟಲು ಕೊನೇ ದಿನ". ಅದಕ್ಕೆ ಎರಡು ಚೌಕ ಹಿಂದೆ, 9ರಲ್ಲಿ, ನನ್ನ ಹಸಿರು ಗುರುತು.